ಮಾಳಿಗೆ ಮೇಲಿನ ಹೈದರಾಬಾದು

ಕೆಲಸದಲ್ಲಿರುವ ಗಂಡಸು ಹಗಲುಹೊತ್ತಿನಲ್ಲಿ ಊರೊಳಗೆ ಕಾಣಬಾರದು. ಮರಿಯಮ್ಮನಹಳ್ಳಿಯಲ್ಲಿ ಇದು ಯಾರೂ ಬರೆದಿಡದ ಕಾನೂನು. ಬೆಳಿಗ್ಗೆ ಹೈವೇಯಲ್ಲಿ ನಿಂತು ಹೊಸಪೇಟೆ ಬಸ್ಸಿಗೆ ಕೈ ಮಾಡುವವನು ನೌಕರ. ತೋರಣಗಲ್ಲಿನ ಫ್ಯಾಕ್ಟರಿ ಶಿಫ್ಟಿಗೆ ಹೋಗುವವನು ದೊಡ್ಡ ನೌಕರ. ಊರಲ್ಲೇ ಉಳಿದವನು ಒಂದೋ ರೈತ, ಇಲ್ಲಾ ಅಂಗಡಿಯವನು, ಎರಡೂ ಅಲ್ಲವೆಂದರೆ ಮುಂದಿನ ಚುನಾವಣೆಗೆ ನಿಲ್ಲುವವನು. ನಮ್ಮದು ನಾಟಕದ ಊರು ಬೇರೆ. ರಂಗಭೂಮಿಯ ಕೆ. ನಾಗರತ್ನಮ್ಮನವರು ಇಲ್ಲಿಯವರು, ಪದ್ಮಶ್ರೀ ಮಂಜಮ್ಮ ಜೋಗತಿಯವರು ನೆಲೆಸಿದ್ದೂ ಇಲ್ಲೇ. ಕಲಾವಿದರಿಗೂ ಕೆಲಸವೆಂದರೆ ಗಂಟು ಕಟ್ಟಿಕೊಂಡು ಹೊರಡುವುದೇ. ಬಣ್ಣ ಹಚ್ಚುವುದು ಯಾವುದೋ ಊರಲ್ಲಿ, ತೊಳೆದು ಬಂದು ಮಲಗುವುದು ಇಲ್ಲಿ. ಮನೆ ಮಾಳಿಗೆ ಮೇಲೆ ಕೂತು ಪಾತ್ರ ಮಾಡಿ ಸಂಬಳ ತಂದವರನ್ನು ಈ ಊರು ಕಂಡಿರಲಿಲ್ಲ.

ಕಂಡದ್ದು 2020ರ ಲಾಕ್‌ಡೌನಿನ ಮೇಲೆ. ನನ್ನ ತಂಗಿಯ ಮಗ ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಬೆನ್ನಿಗೆ ಒಂದು ಚೀಲ ಹಾಕಿಕೊಂಡು ಬಂದವನು, ವಾಪಸ್ ಹೋಗಲೇ ಇಲ್ಲ. ಕಂಪನಿಯೂ ಕರೆಯಲಿಲ್ಲ. ಮಾಳಿಗೆ ಮೇಲೆ ಒಂದು ರೂಮು ಎಬ್ಬಿಸಿದ, ಎ.ಸಿ. ಕೂಡಿಸಿದ, ಇನ್ವರ್ಟರ್ ಇಟ್ಟ, ಒಂದು ತಿರುಗುವ ಕುರ್ಚಿ ತರಿಸಿದ. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ. ಕ್ಯಾಮೆರಾಕ್ಕೆ ಅಂಗಿ, ಊರಿಗೆ ಲುಂಗಿ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದು ಮೆಟ್ಟಿಲು ಹತ್ತಿದರೆ ಸಂಜೆಯವರೆಗೆ ಅವನು ಹೈದರಾಬಾದಿನಲ್ಲಿ ಇರುತ್ತಾನೆ. ಕೆಳಗೆ ಅವನ ಅವ್ವ ಅಕ್ಕಿ ಆರಿಸುತ್ತಾ ಮರಿಯಮ್ಮನಹಳ್ಳಿಯಲ್ಲಿ ಇರುತ್ತಾಳೆ. ನಡುವೆ ಇರುವುದು ಒಂದು ಮೆಟ್ಟಿಲ ಸಾಲು.

ಹೆಣ್ಣಿನ ಕಡೆಯವರು ಕಂಪ್ಲಿಯಿಂದ ಬಂದಿದ್ದರು. ಹಿರಿಯರೊಬ್ಬರು ಕೇಳಿದರು:

“ಹುಡುಗ ಎಲ್ಲಿ ಕೆಲಸ ಮಾಡ್ತಾನ್ರಿ?”

“ಹೈದರಾಬಾದ್ನಾಗೆ,” ಅಂದಳು ತಂಗಿ.

“ಮತ್ತೆ ಇರಾದು?”

“ಮ್ಯಾಲೆ ಅದಾನ್ರಿ. ಕರೀಲೇನು?”

ಹಿರಿಯರು ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಹೈದರಾಬಾದಿನಲ್ಲಿ ಕೆಲಸ ಮಾಡುವವನು ಮೇಲೆ ಹೇಗಿದ್ದಾನೆ ಎಂಬುದು ಅವರಿಗೆ ಬಗೆಹರಿಯಲಿಲ್ಲ. ಪಾಪ, ಅವರನ್ನು ಅಂದು ಪ್ರಯೋಜನವಿಲ್ಲ. ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಬಾಗಿಲಿಗೂ ಹೋಗಿ, ಬಗೆಹರಿಯದೆ ವಾಪಸ್ ಬಂದಿದೆ. ಆ ಕಥೆಗೆ ಆಮೇಲೆ ಬರೋಣ. ಮೊದಲು ಅಳಿಯನ ಪೇ ಸ್ಲಿಪ್ಪು.

ಬ್ಯಾಂಕಿನ ಸಾಲಕ್ಕೆಂದು ಅವನು ಪೇ ಸ್ಲಿಪ್ಪು ತೆಗೆಸಿದ್ದ. ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಓದುವ ಚಟ ನನಗೆ. ಸಂಬಳದ ಸಾಲು ಬಿಟ್ಟೆ, ಹೊಟ್ಟೆ ಉರಿದೀತು ಅಂತ. ಕಡಿತದ ಸಾಲಿಗೆ ಬಂದೆ. ‘ಪಿ.ಟಿ. 200’ ಎಂದಿತ್ತು.

“ಈ ಇನ್ನೂರು ಯಾರಿಗೋ ಹೋಗ್ತೈತೆ?”

“ಗೌರ್ಮೆಂಟಿಗೆ ಮಾವ.”

“ಯಾವ ಗೌರ್ಮೆಂಟಿಗಲೇ?”

ಅವನು ಮೊಬೈಲಿನಲ್ಲಿ ಹಿಂದೆ ಮುಂದೆ ಉಜ್ಜಿ ನೋಡಿ, ಸಣ್ಣ ದನಿಯಲ್ಲಿ, “ತೆಲಂಗಾಣ,” ಅಂದ.

ನನಗೆ ನಗು ತಡೆಯಲಿಲ್ಲ. ಬಳ್ಳಾರಿ ಸೀಮೆಯನ್ನು ನಿಜಾಮ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟದ್ದು 1800ರಲ್ಲಿ. ಹಾಗೆ ಬಿಟ್ಟುಕೊಟ್ಟದ್ದಕ್ಕೇ ನಮ್ಮದು ದತ್ತಮಂಡಲ ಅನ್ನಿಸಿಕೊಂಡದ್ದು. ಥಾಮಸ್ ಮನ್ರೋ ಬಂದು ಹೊಲ ಅಳೆದ, ಬ್ರಿಟಿಷರು ಹೋದರು, ನಿಜಾಮನೂ ಹೋದ. ಎರಡು ಶತಮಾನ ಕಳೆದ ಮೇಲೆ ನನ್ನ ಅಳಿಯ, ಯಾರೂ ಕೇಳದಿದ್ದರೂ, ಪ್ರತಿ ತಿಂಗಳೂ ಹೈದರಾಬಾದಿಗೆ ಕಪ್ಪ ಕಳಿಸುತ್ತಿದ್ದಾನೆ!

ಪಿ.ಟಿ. ಅಂದರೆ ವೃತ್ತಿ ತೆರಿಗೆ. ಶಾಲೆಯ ಪಿ.ಟಿ. ಮೇಷ್ಟ್ರಿಗೂ ಇದು ತಪ್ಪಿದ್ದಲ್ಲ. ನಮ್ಮ ದೇಶದಲ್ಲಿ ಸಂಬಳದ ಮೇಲಿನ ವರಮಾನ ತೆರಿಗೆ ಪೂರ್ತಿ ಕೇಂದ್ರದ್ದು. ರಾಜ್ಯಗಳು ಅದನ್ನು ಮುಟ್ಟುವ ಹಾಗಿಲ್ಲ. ಬೇಸಾಯದ ವರಮಾನ ಮಾತ್ರ ರಾಜ್ಯಗಳ ಪಾಲು. ಅದನ್ನು ಕಬ್ಬಿನ ಗದ್ದೆಯವರ ಹತ್ತಿರ ಕೇಳಲು ಯಾವ ಮಂತ್ರಿಗೆ ಎದೆ ಇದೆ? ಉಳಿದದ್ದು ವೃತ್ತಿಯ ಮೇಲಿನ ತೆರಿಗೆ. ಸಂಬಳದ ಲೆಕ್ಕ ನೋಡಿಯೇ ಹಾಕುವ ತೆರಿಗೆ ಇದು. ಆದರೂ ಇದು ವರಮಾನದ ಮೇಲಿನ ತೆರಿಗೆ ಎಂಬ ಕಾರಣಕ್ಕೆ ಯಾರೂ ಇದನ್ನು ರದ್ದು ಮಾಡಿಸುವಂತಿಲ್ಲ ಎಂದು ಸಂವಿಧಾನದ 276ನೇ ವಿಧಿಯಲ್ಲೇ ಬರೆದಿಟ್ಟಿದ್ದಾರೆ. ಕಳ್ಳನ ಜೇಬಿಗೆ ಮೊದಲೇ ಜಾಮೀನು ಇಟ್ಟುಕಳಿಸಿದ ಬುದ್ಧಿವಂತಿಕೆ! ಆದರೆ ಒಂದು ಲಗಾಮನ್ನೂ ಹಾಕಿದ್ದಾರೆ. ಒಬ್ಬನಿಂದ ಒಂದು ರಾಜ್ಯ ವರ್ಷಕ್ಕೆ 250 ರೂಪಾಯಿಗಿಂತ ಹೆಚ್ಚು ಕೀಳಬಾರದು ಎಂದಿತ್ತು; 1988ರ ತಿದ್ದುಪಡಿಯಲ್ಲಿ ಅದು 2,500 ಆಯಿತು. ಅಲ್ಲಿಗೇ ನಿಂತಿದೆ. ಟೊಮೆಟೊ ಹತ್ತಿಳಿಯುತ್ತದೆ, ಚಿನ್ನ ಹತ್ತಿದ್ದು ಇಳಿಯುವುದಿಲ್ಲ. ಈ 2,500 ಮಾತ್ರ ಮೂರೂವರೆ ದಶಕದಿಂದ ಕದಲಿಲ್ಲ.

ಕರ್ನಾಟಕ ತನ್ನ ವೃತ್ತಿ ತೆರಿಗೆ ಕಾಯ್ದೆ ಮಾಡಿಕೊಂಡದ್ದು 1976ರಲ್ಲಿ. ತಿಂಗಳಿಗೆ 25,000 ಮುಟ್ಟಿದ ಸಂಬಳಕ್ಕೆ 200 ರೂಪಾಯಿ. ಹನ್ನೆರಡು ತಿಂಗಳಿಗೆ 2,400 ಆಗುತ್ತಿತ್ತು. ಮಿತಿ 2,500 ಇರುವಾಗ ನೂರು ರೂಪಾಯಿ ಸುಮ್ಮನೆ ಬಿಡುವುದೇ? 2025ರ ಏಪ್ರಿಲಿನಿಂದ ಫೆಬ್ರುವರಿ ತಿಂಗಳಿಗೆ ಮಾತ್ರ 300 ಮಾಡಿದರು. ವರ್ಷದಲ್ಲೇ ಗಿಡ್ಡ ತಿಂಗಳಿಗೆ ಉದ್ದದ ತೆರಿಗೆ. ಮಹಾರಾಷ್ಟ್ರದವರು ಈ ಕೈಚಳಕವನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ತೆಲಂಗಾಣದವರು ಇನ್ನೂ 200ರಲ್ಲೇ ಇದ್ದಾರೆ. ಇದನ್ನು ನಾನು ಹೇಳುವುದೇ ತಡ, ಅಳಿಯ ಕುರ್ಚಿ ತಿರುಗಿಸಿದ: “ಹಂಗಾದ್ರೆ ಅವರಿಗೇ ಕಟ್ತೀನಿ ಬಿಡು ಮಾವ, ವರ್ಷಕ್ಕೆ ನೂರು ಉಳೀತೈತೆ.”

ಇವನೇ 2024ರ ಫೆಬ್ರುವರಿಯಲ್ಲಿ, ಕರ್ನಾಟಕದ ಮಂತ್ರಿಮಂಡಲವೆಲ್ಲ ದೆಹಲಿಯ ಜಂತರ್ ಮಂತರಿನಲ್ಲಿ ಕೂತಿದ್ದಾಗ, ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದ್ದವನು. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು ಎಂದು ದಶಮಾಂಶದ ಸಮೇತ ನನಗೆ ಪಾಠ ಹೇಳಿದ್ದ. ದೆಹಲಿಯ ದಶಮಾಂಶ ಬಾಯಿಪಾಠ. ತನ್ನದೇ ಪೇ ಸ್ಲಿಪ್ಪಿನ ಪೂರ್ಣಾಂಕ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿಲ್ಲ.

ಹೋಗಬೇಕಾದದ್ದು ಎಲ್ಲಿಗೆ? ಕರ್ನಾಟಕದ ಕಾಯ್ದೆ ಕೇಳುವುದು ಒಂದೇ ಮಾತು, ನೀನು ಈ ರಾಜ್ಯದಲ್ಲಿ ಉದ್ಯೋಗ ಮಾಡುತ್ತಿದ್ದೀಯಾ ಎಂದು. ಕಂಪನಿಯ ಬೋರ್ಡು ಎಲ್ಲಿ ತೂಗುತ್ತಿದೆ ಎಂದಲ್ಲ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯ ಹೆಡ್ಡಾಫೀಸು ಮುಂಬೈನಲ್ಲಿದೆ. ಹಾಗಂತ ಸಂಡೂರು ತಾಲ್ಲೂಕಿನ ಬಿಸಿಲಲ್ಲಿ ನಿಂತು ದುಡಿಯುವವನ ವೃತ್ತಿ ತೆರಿಗೆ ಮಹಾರಾಷ್ಟ್ರಕ್ಕೆ ಸೇರಬೇಕು ಎಂದು ಯಾರೂ ವಾದಿಸುವುದಿಲ್ಲ. ಅವನು ನಿಂತದ್ದು ಎಲ್ಲರಿಗೂ ಕಾಣುತ್ತದೆ. ಅಳಿಯ ಕೂತದ್ದು ಯಾರಿಗೂ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಮಾಳಿಗೆ ಎಷ್ಟೇ ಎತ್ತರದಲ್ಲಿದ್ದರೂ ಅದು ಹೊಸಪೇಟೆ ತಾಲ್ಲೂಕಿನಲ್ಲೇ ಇದೆ.

ನಮ್ಮ ಓಣಿಯಲ್ಲಿ ಇವನೊಬ್ಬನೇ ಇದ್ದಿದ್ದರೆ ಮಾತು ಮುಗಿಯುತ್ತಿತ್ತು. ಎದುರುಮನೆಯ ಹುಡುಗನ ಕಂಪನಿ ಗುರುಗ್ರಾಮದ್ದು. ಹರಿಯಾಣದಲ್ಲಿ ವೃತ್ತಿ ತೆರಿಗೆಯೇ ಇಲ್ಲ. ದೆಹಲಿ, ಉತ್ತರಪ್ರದೇಶ, ರಾಜಸ್ಥಾನಗಳಲ್ಲೂ ಇಲ್ಲ. ಅಲ್ಲಿಯ ಎಚ್‌ಆರ್ ಮೇಡಂಗೆ ಪಿ.ಟಿ. ಅಂದರೆ ಕವಾಯತು ಎಂದೇ ನಂಬಿಕೆ. ಹಾಗಾಗಿ ಆ ಹುಡುಗ ಯಾರಿಗೂ ಏನೂ ಕೊಡದೆ ನಮ್ಮ ಓಣಿಯ ಗಾಳಿ ಕುಡಿಯುತ್ತಿದ್ದಾನೆ. ಮೂಲೆಮನೆಯ ಹುಡುಗಿಯದು ಚೆನ್ನೈ ಕಂಪನಿ. ತಮಿಳುನಾಡಿನಲ್ಲಿ ಈ ತೆರಿಗೆಯನ್ನು ರಾಜ್ಯ ಸರ್ಕಾರ ಎತ್ತುವುದಿಲ್ಲ, ಊರಿನ ಕಾರ್ಪೊರೇಶನ್ನು, ಪುರಸಭೆ, ಪಂಚಾಯಿತಿಗಳೇ ಆರು ತಿಂಗಳಿಗೊಮ್ಮೆ ಎತ್ತುತ್ತವೆ. ಕೇರಳದಲ್ಲೂ ಹೀಗೇ. ಅಂದರೆ ಆ ಹುಡುಗಿ ನಮ್ಮ ಚರಂಡಿ ದಾಟಿ ಹೋಗಿ ಚೆನ್ನೈ ಮಹಾನಗರದ ಚರಂಡಿ ಹೂಳೆತ್ತಿಸುತ್ತಿದ್ದಾಳೆ.

ಇಲ್ಲಿ ನನಗೊಂದು ಹಳೆಯ ಸಂಕಟ ಎದ್ದು ಕೂರುತ್ತದೆ. 1953ರ ಅಕ್ಟೋಬರ್ 1ರವರೆಗೆ ಹೊಸಪೇಟೆ ತಾಲ್ಲೂಕೂ ಮದ್ರಾಸಿನದ್ದೇ. ಆಂಧ್ರ ಹುಟ್ಟಿದ ದಿನವೇ ನಾವು ಮೈಸೂರಿಗೆ ಬಂದೆವು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಕನ್ನಡದ ಜೊತೆ ಸೇರಿದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಆದರೆ ಮದ್ರಾಸಿನಲ್ಲೇ ಇದ್ದಿದ್ದರೆ ಓಣಿಯ ಈ ಮೂವರ ದುಡ್ಡು ನಮ್ಮ ಪಟ್ಟಣ ಪಂಚಾಯಿತಿಗೇ ಬೀಳುತ್ತಿತ್ತಲ್ಲ ಎಂದು ಬೀದಿದೀಪ ಹತ್ತದ ರಾತ್ರಿಗಳಲ್ಲಿ ಒಮ್ಮೊಮ್ಮೆ ಅನ್ನಿಸುವುದುಂಟು. ಬೆಂಗಳೂರಿನವರು ಇದನ್ನು ಓದದಿದ್ದರೆ ಒಳ್ಳೆಯದು.

ಒಂದೇ ಓಣಿಯಲ್ಲಿ ಮೂರು ಸರ್ಕಾರ ಎಂದು ನಾನು ಆಶ್ಚರ್ಯ ಪಟ್ಟುಕೊಂಡರೆ, ಈ ಸೀಮೆಯ ನೆಲಕ್ಕೆ ಆಕಳಿಕೆ ಬಂದೀತು. ಅದು ಇದಕ್ಕಿಂತ ಹೆಚ್ಚಿನದನ್ನು ನೋಡಿದೆ. ಸ್ವಾತಂತ್ರ್ಯಕ್ಕೆ ಮೊದಲು ಹಂಪಿಯಿಂದ ಹರಿಗೋಲು ಹತ್ತಿ ಆನೆಗೊಂದಿಯಲ್ಲಿ ಇಳಿದರೆ ನೀವು ಬ್ರಿಟಿಷರ ಮದ್ರಾಸಿನಿಂದ ನಿಜಾಮನ ರಾಜ್ಯಕ್ಕೆ ಬಂದಂತೆ. ಜೇಬಿನ ರೂಪಾಯಿಯೂ ಬೇರೆ, ಅಲ್ಲಿ ಓಡುತ್ತಿದ್ದುದು ಹಾಲಿ ಸಿಕ್ಕ. ಕಂಪ್ಲಿ ಈಚೆ, ಗಂಗಾವತಿ ಆಚೆ. ಈ ಕಡೆ ಸಂಡೂರಿಗೆ ಹೋದರೆ ಅದು ಘೋರ್ಪಡೆಯವರ ಸಂಸ್ಥಾನ. ಬಳ್ಳಾರಿ ಜಿಲ್ಲೆಗೆ ಸೇರಿದ್ದು 1949ರಲ್ಲಿ. ಒಂದು ಎತ್ತಿನ ಗಾಡಿ ಮನಸ್ಸು ಮಾಡಿದರೆ ಎರಡು ದಿನದಲ್ಲಿ ಮೂರು ದೊರೆತನ ಮುಗಿಸಿಕೊಂಡು ಬರಬಹುದಿತ್ತು. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಅಡಿಗಲ್ಲು ಹಾಕುವಾಗಲೂ ಹೊಳೆಯ ಎರಡೂ ದಂಡೆಯಲ್ಲಿ ಎರಡು ಕಲ್ಲು: ಆ ದಂಡೆಯಲ್ಲಿ ಹೈದರಾಬಾದಿನ ಬೇರಾರ್ ರಾಜಕುಮಾರ, ಈ ದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಒಂದು ಕಟ್ಟೆಗೆ ಎರಡು ಪೂಜೆ. ಆ ನೀರು ನಾರಾಯಣದೇವರಕೆರೆಯನ್ನು ನುಂಗಿತು, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನಿಂತರು. ಮನುಷ್ಯ ಅಲುಗದೆ ಕೂತಿದ್ದರೂ ಸರ್ಕಾರ ಬದಲಾಗುತ್ತದೆ, ಸರ್ಕಾರ ಅಲುಗದಿದ್ದರೂ ಊರೇ ಎದ್ದು ಹೋಗುತ್ತದೆ. ಇವೆರಡನ್ನೂ ಕಂಡ ಮುದುಕರು ನಮ್ಮಲ್ಲಿ ಇದ್ದರು. ಕೂತ ಜಾಗ ಒಂದು, ದುಡಿದ ಜಾಗ ಇನ್ನೊಂದು ಎಂಬ ಮೂರನೆಯ ವಿದ್ಯೆಯನ್ನು ಮಾತ್ರ ಅವರು ಕಾಣಲಿಲ್ಲ.

ಆ ಅಣೆಕಟ್ಟಿನ ನೀರನ್ನು ಈಗ ಕರ್ನಾಟಕ, ಆಂಧ್ರ, ತೆಲಂಗಾಣ ಟಿಎಂಸಿ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಬಿಸಿಲಿಗೆ ಆವಿಯಾಗಿ ಹೋದ ನೀರಿಗೂ ಲೆಕ್ಕ ಇಡುತ್ತಾರೆ. ಆವಿಯನ್ನೇ ಅಳೆದವರಿಗೆ ನನ್ನ ಅಳಿಯನ ಇನ್ನೂರು ರೂಪಾಯಿ ಅಳೆಯಲು ಬಾರದೆ? ತುಂಗಭದ್ರಾ ಮಂಡಳಿಯ ಸಭೆಯಲ್ಲಿ ಒಂದು ವಿಷಯ ಸೇರಿಸಿದರೆ ಆಯಿತು.

ದುಡಿಮೆಯ ಮೇಲೆ ತೆರಿಗೆ ಎತ್ತುವುದೂ ಈ ನೆಲಕ್ಕೆ ಹೊಸದಲ್ಲ. ಹಂಪಿ ಉರಿಯುತ್ತಿದ್ದ ದೀಪವಾಗಿದ್ದ ಕಾಲದಲ್ಲಿ ಕ್ಷೌರಿಕರ ಮೇಲೂ ತೆರಿಗೆ ಇತ್ತು. 16ನೇ ಶತಮಾನದಲ್ಲಿ, ಸದಾಶಿವರಾಯನ ಕಾಲಕ್ಕೆ, ಬಾದಾಮಿಯ ಕೊಂಡೋಜ ಎಂಬ ಕ್ಷೌರಿಕ ಅಳಿಯ ರಾಮರಾಯನನ್ನು ಮೆಚ್ಚಿಸಿ ತನ್ನ ಕಸುಬಿನವರ ತೆರಿಗೆ ಮಾಫಿ ಮಾಡಿಸಿದ. ಅದನ್ನು ಶಾಸನಗಳಲ್ಲಿ ಕೆತ್ತಿಸಿದ್ದಾರೆ. ಗಡ್ಡದ ಕೆಳಗೆ ಕತ್ತಿ ಇದ್ದಾಗ ಕೇಳಿದನೋ, ಆಮೇಲೆ ಕೇಳಿದನೋ ಎಂಬುದನ್ನು ಶಾಸನ ಹೇಳುವುದಿಲ್ಲ. ಇಂದಿನ ಸಾಫ್ಟ್‌ವೇರಿನವರಿಗೆ ಅಂಥ ಅನುಕೂಲ ಇಲ್ಲ, ಪಾಪ. ಅದೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆಯುವ ಪ್ರಕಾರ, ರಾಜಧಾನಿಗೆ ಸರಕೆಲ್ಲ ಬರಬೇಕಾದ ಒಂದು ಹೆಬ್ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ವರಹಕ್ಕೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಊರವನೂ ಒಳಗೆ ಬರುವಂತಿರಲಿಲ್ಲ, ಪರದೇಶಿಯೂ ಬರುವಂತಿರಲಿಲ್ಲ. ಎಷ್ಟು ಸರಳ! ಬಾಗಿಲು ಇದೆ, ಎತ್ತು ಇದೆ, ಎತ್ತಿನ ಮೇಲೆ ಹೇರು ಇದೆ. ಅಳಿಯನ ಹೇರು ಮಾಳಿಗೆ ಕಿಟಕಿಯ ವೈರಿನಲ್ಲಿ ಹೋಗುತ್ತದೆ. ಗುತ್ತಿಗೆದಾರ ಯಾವ ಬಾಗಿಲಲ್ಲಿ ಕೂರಬೇಕು? ಆಮೇಲಿನ ಕಂಪನಿ ಸರ್ಕಾರವೂ ನಮ್ಮ ಜಿಲ್ಲೆಯ ಮಗ್ಗ, ಅಂಗಡಿ, ಕುಲುಮೆಗಳ ಮೇಲೆ ಮೊಹತರ್ಫ ಎಂದು ಎತ್ತುತ್ತಿತ್ತು. ನೇಕಾರ ಮಗ್ಗವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋಗಲಾರ, ಅದೇ ಅವರ ಧೈರ್ಯ.

ಸಂಬಳದ ವರಮಾನ ತೆರಿಗೆ ಪೂರ್ತಿ ಕೇಂದ್ರದ್ದು ಎಂದೆನಲ್ಲ, ಅದರಲ್ಲೂ ಒಂದು ಕಡೆ ಕೂತ ಜಾಗ ಮುಖ್ಯವಾಗುತ್ತದೆ: ಮನೆ ಬಾಡಿಗೆ ಭತ್ಯೆ. ಹಳೆಯ ಪದ್ಧತಿಯಲ್ಲಿ ರಿಟರ್ನ್ ತುಂಬುವವರಿಗೆ ಬಾಡಿಗೆಯ ಮೇಲೆ ವಿನಾಯಿತಿ ಉಂಟು. ಅದರ ಲೆಕ್ಕ ಆಫೀಸಿನ ಊರಿನದ್ದಲ್ಲ, ಮನೆ ಇರುವ ಊರಿನದ್ದು. ಕೆಲವು ಮಹಾನಗರಗಳಿಗೆ ಸಂಬಳದ ಅರ್ಧದವರೆಗೆ, ಉಳಿದ ಊರುಗಳಿಗೆ ಶೇ. 40ರವರೆಗೆ. ಚೆನ್ನೈ ಕಂಪನಿಯ ಹುಡುಗಿ ಚೆನ್ನೈ ಲೆಕ್ಕ ಹಾಕಲು ಹೋದರೆ ಸಿಕ್ಕಿಬೀಳುತ್ತಾಳೆ.

ಅಳಿಯನಿಗೆ ಇದನ್ನು ಯಾವನೋ ಗೆಳೆಯ ಹೇಳಿಕೊಟ್ಟ. ಮನೆ ಅವ್ವನ ಹೆಸರಲ್ಲಿದೆ. ಅವ್ವನಿಗೆ ಬಾಡಿಗೆ ಕೊಟ್ಟಂತೆ ತೋರಿಸಿದರೆ ಆಯಿತಲ್ಲ! ಆಡಿಟರು ಬಿಡಲಿಲ್ಲ: “ತೋರಿಸೋದಲ್ಲಪ್ಪ, ನಿಜವಾಗ್ಲೂ ಕೊಡಬೇಕು. ಬ್ಯಾಂಕಿನಾಗ ಹೋಗಬೇಕು. ವರ್ಷಕ್ಕೆ ಒಂದು ಲಕ್ಷ ದಾಟಿದ್ರೆ ಅಮ್ಮನ ಪ್ಯಾನ್ ನಂಬರ್ ಬೇಕು.” ಹೀಗೆ ನನ್ನ ತಂಗಿಗೆ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ಪ್ಯಾನ್ ಕಾರ್ಡು ಬಂತು. ಫೋಟೊಕ್ಕೆ ಹೊಸ ಸೀರೆ ಉಟ್ಟಿದ್ದಳು. ತಿಂಗಳು ತಿಂಗಳು ಮಗನ ಬಾಡಿಗೆ ಖಾತೆಗೆ ಬೀಳತೊಡಗಿದ್ದೇ ತಂಗಿ ಮನೆಮಾಲೀಕಳಾದಳು.

“ಬಾಡಿಗೆ ಇರೋರು ರಾತ್ರಿ ಹನ್ನೊಂದಕ್ಕೆಲ್ಲ ಗೇಟು ತೆಗೆಸಂಗಿಲ್ಲ.”

“ಅವ್ವಾ!”

“ಮತ್ತೆ ಬಾಡಿಗ್ಯಾಗ ಊಟ ಸೇರಿಲ್ಲ.”

ಆಮೇಲೆ ಹೊಸ ಪದ್ಧತಿಯ ಸರದಿ ಬಂತು. ಅದರಲ್ಲಿ ಬಾಡಿಗೆ ವಿನಾಯಿತಿ ಇಲ್ಲ. ಬದಲಿಗೆ 2025-26ರ ಸಾಲಿನಿಂದ ಹನ್ನೆರಡು ಲಕ್ಷದವರೆಗೆ, ಸಂಬಳದವರಿಗಾದರೆ ಹನ್ನೆರಡು ಮುಕ್ಕಾಲು ಲಕ್ಷದವರೆಗೆ, ತೆರಿಗೆಯೇ ಇಲ್ಲ. ಅಳಿಯನ ಸಂಬಳ ಅದರೊಳಗೇ ಕೂರುತ್ತದೆ. ಮರುತಿಂಗಳೇ ಅವನು ಅವ್ವನ ಬಾಡಿಗೆ ನಿಲ್ಲಿಸಿದ. ನಿರ್ಮಲಾ ಸೀತಾರಾಮನ್ ಅವರ ಆ ಬಜೆಟ್ಟಿನಿಂದ ಇಡೀ ದೇಶದ ಮಧ್ಯಮವರ್ಗಕ್ಕೆ ಸಂತೋಷವಾಯಿತಂತೆ. ನಮ್ಮ ಮನೆಯಲ್ಲಿ ಒಬ್ಬ ಹೆಂಗಸು ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ತಮಾಷೆ ಇರುವುದು ಇಲ್ಲಿ ನೋಡಿ. ದೆಹಲಿ ಅಳಿಯನನ್ನು ಪೂರ್ತಿ ಬಿಟ್ಟಿತು. ಈಗ ಅವನ ಸಂಬಳದಿಂದ ಹೋಗುವ ತೆರಿಗೆ ಅಂದರೆ ತೆಲಂಗಾಣದ ಆ 2,400 ಮಾತ್ರ. ‘ನನ್ನ ತೆರಿಗೆ’ ಎಂದು ಅವನು ಎದೆ ತಟ್ಟಿಕೊಳ್ಳುವುದಾದರೆ ಹೈದರಾಬಾದಿಗೆ ಹೋಗಿ ತಟ್ಟಿಕೊಳ್ಳಬೇಕು.

ಇನ್ನು ಅಮೆರಿಕದ ಕಥೆ. ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ನ್ಯೂಜೆರ್ಸಿಯಲ್ಲಿದ್ದಾಳೆ, ಕಂಪನಿ ನ್ಯೂಯಾರ್ಕಿನದ್ದು. ನಮ್ಮ ಗೋಳು ಕೇಳಿ ಅವಳು ಫೋನಿನಲ್ಲೇ ನಕ್ಕಳು. ಅಲ್ಲಿ ಬಹುಪಾಲು ರಾಜ್ಯಗಳಿಗೆ ತಮ್ಮದೇ ವರಮಾನ ತೆರಿಗೆ ಉಂಟು. ಟೆಕ್ಸಾಸ್, ಫ್ಲಾರಿಡಾದಂಥ ಒಂಬತ್ತು ರಾಜ್ಯಗಳು ಮಾತ್ರ ಸಂಬಳದ ಮೇಲೆ ಕೈ ಹಾಕುವುದಿಲ್ಲ. ಸಾಮಾನ್ಯವಾಗಿ ಕೂತು ದುಡಿದ ರಾಜ್ಯಕ್ಕೆ ತೆರಿಗೆ. ನ್ಯೂಯಾರ್ಕಿನದ್ದು ಬೇರೆ ವರಸೆ. ನೀನು ಮನೆಯಲ್ಲಿ ಕೂತದ್ದು ನಿನ್ನ ಅನುಕೂಲಕ್ಕೋ, ಕಂಪನಿಯ ಅಗತ್ಯಕ್ಕೋ? ನಿನ್ನ ಅನುಕೂಲಕ್ಕಾದರೆ ನೀನು ಮನೆಯಲ್ಲಿ ಕೂತೇ ಇಲ್ಲ, ನ್ಯೂಯಾರ್ಕಿನಲ್ಲೇ ಕೂತಿದ್ದೆ ಎಂದು ಕಾನೂನು ತಿಳಿಯುತ್ತದೆ. ಹೀಗಾಗಿ ಅವಳು ಮೊದಲು ನ್ಯೂಯಾರ್ಕಿಗೆ ಹೊರಗಿನವಳ ರಿಟರ್ನ್ ತುಂಬಿ, ಅಲ್ಲಿ ಕಟ್ಟಿದ್ದನ್ನು ನ್ಯೂಜೆರ್ಸಿಯ ರಿಟರ್ನಿನಲ್ಲಿ ತೋರಿಸಿ ಕಳೆಸಿಕೊಳ್ಳಬೇಕು. ಕಸ ಎತ್ತುವುದು ನ್ಯೂಜೆರ್ಸಿ, ಕಾಸು ಎತ್ತುವುದು ನ್ಯೂಯಾರ್ಕು. ರೋಸಿಹೋದ ನ್ಯೂಜೆರ್ಸಿ 2023ರಲ್ಲಿ ತಾನೂ ಅಂಥದೇ ನಿಯಮ ಮಾಡಿಕೊಂಡು ತಿರುಗಿನಿಂತಿತು.

ಎಡ್ವರ್ಡ್ ಜೆಲಿನ್ಸ್ಕಿ ಎಂಬ ಕಾನೂನು ಪ್ರೊಫೆಸರ್ ಇದ್ದಾರೆ. ಪಾಠ ಮಾಡುವುದು ನ್ಯೂಯಾರ್ಕಿನಲ್ಲಿ, ಮನೆ ಕನೆಕ್ಟಿಕಟ್ಟಿನಲ್ಲಿ. ಮನೆಯಲ್ಲಿ ಕೂತು ಬರೆದ ದಿನಗಳಿಗೂ ನ್ಯೂಯಾರ್ಕ್ ತೆರಿಗೆ ಕೇಳಿತು. ಮನೆಯ ರಾಜ್ಯವೂ ಅದೇ ದಿನಗಳಿಗೆ ಕೇಳಿತು. ತೆರಿಗೆ ಕಾನೂನನ್ನೇ ಕಲಿಸುವವರು ಕೋರ್ಟಿಗೆ ಹೋದರು, 2003ರಲ್ಲಿ ಸೋತರು. ಕೋವಿಡ್ ಬಂದ ಮೇಲೆ ಮತ್ತೆ ಹೋದರು. ಆ ಹಟ ನಮ್ಮ ಬಳ್ಳಾರಿ ಕಡೆಯ ದಾಯಾದಿ ವ್ಯಾಜ್ಯದವರಿಗೂ ಮಾದರಿ. ಕೋವಿಡ್ಡಿನ ದಿನಗಳಲ್ಲೇ ಮ್ಯಾಸಚೂಸೆಟ್ಸ್ ರಾಜ್ಯವು ನ್ಯೂಹ್ಯಾಂಪ್‌ಶೈರಿನ ಮನೆಗಳಲ್ಲಿ ಕೂತಿದ್ದ ತನ್ನ ಕಂಪನಿಗಳ ನೌಕರರ ಮೇಲೂ ತೆರಿಗೆ ಹಾಕಿತು. ಸಂಬಳಕ್ಕೆ ತೆರಿಗೆಯೇ ಇಲ್ಲದ ನ್ಯೂಹ್ಯಾಂಪ್‌ಶೈರ್ 2020ರ ಅಕ್ಟೋಬರಿನಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಯಿತು. 2021ರ ಜೂನಿನಲ್ಲಿ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲೇ ಒಲ್ಲೆ ಎಂದಿತು. ಕಂಪ್ಲಿಯ ಹಿರಿಯರು ಮೇಲೆ ನೋಡಿ ಸುಮ್ಮನಾದರಲ್ಲ, ಅವರೂ ಅದನ್ನೇ ಮಾಡಿದ್ದು. ಚಹಾ ಮಾತ್ರ ಕುಡಿದು ಹೋದರು.

ನನ್ನ ಕಾಟ ತಾಳದೆ ಅಳಿಯ ಕೊನೆಗೆ ತನ್ನ ಎಚ್‌ಆರ್‌ಗೆ ಬರೆದ. ನಾನು ಕರ್ನಾಟಕದಲ್ಲಿದ್ದೇನೆ, ನನ್ನ ಪಿ.ಟಿ. ಕರ್ನಾಟಕಕ್ಕೆ ಕಟ್ಟಿ ಎಂದು. ಅವರು ಒಂದು ಫಾರಂ ಕಳಿಸಿದರು. ಕೆಲಸದ ಸ್ಥಳ ಆರಿಸಿ ಎಂದಿತ್ತು. ಒತ್ತಿದರೆ ಊರುಗಳ ಪಟ್ಟಿ ಇಳಿಯಿತು. ಮರಿಯಮ್ಮನಹಳ್ಳಿ ಇರಲಿಲ್ಲ, ಹೊಸಪೇಟೆ ಇರಲಿಲ್ಲ. ವಿಜಯನಗರ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ, ಆ ಸುದ್ದಿ ಇನ್ನೂ ಆ ಪಟ್ಟಿಗೆ ಮುಟ್ಟಿರಲಿಲ್ಲ. ಕರ್ನಾಟಕದಲ್ಲಿ ಇದ್ದದ್ದು ಬೆಂಗಳೂರು ಒಂದೇ. ಅದನ್ನು ಒತ್ತಿದರೆ ಬೆಂಗಳೂರಿನ ಆಫೀಸಿಗೆ ವರ್ಗ ಮಾಡಿಬಿಟ್ಟಾರೆಂದು ಹೆದರಿ ಮತ್ತೆ ಬರೆದ. ಉತ್ತರ ವಿನಯದಿಂದ ಬಂತು: ನಿಮ್ಮ ಊರಿನಲ್ಲಿ ನಮ್ಮ ನೋಂದಣಿ ಇಲ್ಲ, ನಿಮಗೊಬ್ಬರಿಗಾಗಿ ಮಾಡಿಸಲು ಕಷ್ಟ, ತೊಂದರೆಯಾಗುತ್ತಿದ್ದರೆ ತಾವು ಹೈದರಾಬಾದಿಗೆ ಬಂದು ಕೆಲಸ ಮಾಡಬಹುದು.

ಅಂದಿನಿಂದ ಅಳಿಯ ಆ ಮಾತೇ ಎತ್ತಿಲ್ಲ. ಇನ್ನೊಂದು ದಾರಿ ಇತ್ತು. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ತಾನೇ ಹೆಸರು ಬರೆಸಿ 2,500 ಕಟ್ಟುವುದು. ಆದರೆ ಸಂವಿಧಾನದ ಮಿತಿ ಇರುವುದು ಒಂದು ರಾಜ್ಯಕ್ಕೆ ಇಷ್ಟು ಎಂದು. ಎರಡು ರಾಜ್ಯ ಸೇರಿ ಅವನನ್ನು ಹಿಂಡಿದರೆ ಮಿತಿ ಮುರಿದಂತೆ ಆಗುವುದಿಲ್ಲ. 2,400ಕ್ಕೆ 2,500 ಸೇರಿದರೆ 4,900 ಎಂದು ಲೆಕ್ಕ ಮಾಡಿ, ಕನ್ನಡಾಭಿಮಾನ ಅಷ್ಟು ತುಟ್ಟಿಯಾದರೆ ಹೇಗೆ ಮಾವ ಎಂದು ನನ್ನನ್ನೇ ಕೇಳಿದ.

ಹೀಗಿರುವಾಗ ಹೋದ ತಿಂಗಳು ಮನೆ ಕಂದಾಯ ಎತ್ತಲು ಬಿಲ್ ಕಲೆಕ್ಟರು ಬಂದರು. ನಾನೂ ಅಲ್ಲೇ ಇದ್ದೆ. ಅವರು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿಯೇ ಬಿಟ್ಟರು. ರೂಮು ನೋಡಿದರು, ಎ.ಸಿ., ಎರಡು ಸ್ಕ್ರೀನು, ತಿರುಗುವ ಕುರ್ಚಿ, ಗೋಡೆಗೆ ಕಂಪನಿಯ ಕ್ಯಾಲೆಂಡರು.

“ಈ ರೂಮು ಹೊಸದು ಕಟ್ಸೀರಲ್ರೀ. ವಾಸಕ್ಕೋ, ವಾಣಿಜ್ಯಕ್ಕೋ? ಇಲ್ಲಿ ಆಫೀಸು ನಡೀತೈತೇನು?”

ಅಳಿಯ ಕಿವಿಯಿಂದ ಹೆಡ್‌ಫೋನ್ ತೆಗೆದು ಮೇಜಿನ ಕೆಳಗೆ ಸರಿಸಿ, ಲುಂಗಿ ಬಿಗಿಮಾಡಿಕೊಳ್ಳುತ್ತಾ ಹೇಳಿದ: “ಎಲ್ಲೀ ಆಫೀಸ್ರೀ ಸಾರ್, ನನ್ನ ಆಫೀಸು ಹೈದರಾಬಾದ್ನಾಗೆ ಐತೆ. ಇಲ್ಲಿ ಸುಮ್ನೆ ಮಧ್ಯಾಹ್ನ ಮಲ್ಕೊಂತೀನಿ.”

ಕೆಳಗಿನಿಂದ ತಂಗಿಯ ದನಿ ಬಂತು: “ಬರಕೊಳ್ರೀ ಸಾರ್, ಬಾಡಿಗೀಗೆ ಕೊಟ್ಟೀವಿ, ಬಾಡಿಗೀನೂ ಬಂದಿಲ್ಲ ಅಂತ!”